ಬಣ್ಣದ ನೀರು, ಕಾಗದದ ನೀರು

ಮೊನ್ನೆ ಆಫೀಸಿನಲ್ಲಿ ಒಂದು ಡೆಮೊ. ಅಣೆಕಟ್ಟೆ ಒಡೆದರೆ ನೀರು ಹೇಗೆ ನುಗ್ಗುತ್ತೆ ಅಂತ ತೋರಿಸೋ ಸಾಫ್ಟ್‌ವೇರ್. ಪರದೆ ಮೇಲೆ ಕೆಂಪು, ಹಳದಿ, ನೀಲಿ.. ಕಣ್ಣಿಗೆ ಹಬ್ಬ! "ರಿಟ್ಟರ್ ಸೂತ್ರದ ಜೊತೆ ಹೋಲಿಸಿ ನೋಡಿದ್ರಾ?" ಅಂದೆ. "ಅದು ಸರಳೀಕರಿಸಿದ ಮಾದರಿ ಕಣ್ರೀ, ಪಠ್ಯಪುಸ್ತಕಕ್ಕೆ ಸರಿ" ಅಂತ ನಕ್ಕರು. ಆ ನಗುವಿನ ಮೇಲೆ ನನಗೆ ಸಿಟ್ಟು, ಅದಕ್ಕೇ ಈ ಬರಹ.

ಪೈಪಿನೊಳಗಿನ ನೀರಿಗೆ ಗೋಡೆ ಎಲ್ಲಿದೆ ಅಂತ ಮೊದಲೇ ಗೊತ್ತು. ಒಡೆದ ಕಟ್ಟೆಯ ನೀರಿಗೆ ಅಂಚೇ ಓಡುತ್ತಿರುತ್ತೆ. ಅಂಚು ತಿಳಿಯದೆ ಹರಿವು ತಿಳಿಯಲ್ಲ, ಹರಿವು ತಿಳಿಯದೆ ಅಂಚು ತಿಳಿಯಲ್ಲ. ಮದುವೆಯಾಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆಯಾಗಲ್ಲ ಅಂತಾರಲ್ಲ, ಹಾಗೆ :)

1892ರಲ್ಲಿ ಜರ್ಮನಿಯ ಆಗಸ್ಟ್ ರಿಟ್ಟರ್ ಇದನ್ನು ಕಾಗದದ ಮೇಲೇ ಬಿಡಿಸಿದ. ಸಮತಟ್ಟಾದ ಒಣ ನೆಲ, ಘರ್ಷಣೆ ಇಲ್ಲ, ಕಟ್ಟೆ ಒಂದೇ ಕ್ಷಣದಲ್ಲಿ ಮಾಯ, ಹಿಂದೆ ಮುಗಿಯದಷ್ಟು ನೀರು. ಆಳವನ್ನು ಗುರುತ್ವದ 9.81ರಿಂದ ಗುಣಿಸಿ, ವರ್ಗಮೂಲ ತೆಗೆದು, ದುಪ್ಪಟ್ಟು ಮಾಡಿ. ಅದೇ ಅಂಚಿನ ವೇಗ. 9 ಮೀಟರ್ ನೀರಿದ್ದರೆ ಸೆಕೆಂಡಿಗೆ 18.8 ಮೀಟರ್. ಕಟ್ಟೆ ಇದ್ದ ಜಾಗದಲ್ಲಿ ಆಳ ಒಂಬತ್ತರಲ್ಲಿ ನಾಲ್ಕು ಪಾಲು, ಅಂದರೆ 4 ಮೀಟರ್.

ಘರ್ಷಣೆ ತೆಗೆದು ಇದೇ ಲೆಕ್ಕವನ್ನು ನಮ್ಮ ಸಾಫ್ಟ್‌ವೇರಿಗೆ ಕೊಟ್ಟೆ. ಬಂದಿದ್ದು 11.6! ಒಣ ನೆಲದಲ್ಲಿ ಸೊನ್ನೆಯಿಂದ ಭಾಗಿಸೋ ಪ್ರಸಂಗ ಬರದಿರಲಿ ಅಂತ ಯಾರೋ ಪುಣ್ಯಾತ್ಮರು ಎಲ್ಲ ಕಡೆ 10 ಸೆಂಟಿಮೀಟರ್ ನೀರು ಚೆಲ್ಲಿಟ್ಟಿದ್ದರು. ಮುಂದೆ ಅಷ್ಟು ನೀರು ಸಿಕ್ಕರೆ ಸಾಕು, ಅಂಚು ಗೋಡೆಯ ಹಾಗೆ ಎದ್ದು ನಿಧಾನವಾಗುತ್ತೆ. ಗಂಟೆಗೆ 68 ಕಿಲೋಮೀಟರ್ ಓಟ 42ಕ್ಕೆ ಇಳಿದಿತ್ತು. ಕೆಳಗಿನ ಊರಿಗೆ ಇಲ್ಲದ ಸಮಯ ಇದೆ ಅಂತ ಹೇಳಿದ ಹಾಗೆ. ಚಿತ್ರ ಮಾತ್ರ ಅಷ್ಟೇ ಚಂದ!

"ನಿಜದಲ್ಲೂ ನಿಧಾನವೇ ತಾನೇ?" ಅಂದರು. ಹೌದು ಸ್ವಾಮಿ, ರಿಟ್ಟರನ ಅಂಚಿನಲ್ಲಿ ಆಳ ಸೊನ್ನೆಗೆ ಇಳಿಯುತ್ತೆ, ಘರ್ಷಣೆಯ ಆಟವೆಲ್ಲ ಅಲ್ಲೇ. 1952ರಲ್ಲಿ ಡ್ರೆಸ್ಲರ್, 1955ರಲ್ಲಿ ವಿಥಮ್ ಆ ತುದಿಯನ್ನು ತಿದ್ದಿದರು. ರಿಟ್ಟರ್ ಏನು ಬಿಟ್ಟಿದ್ದಾನೆ ಅನ್ನೋದು ಎಲ್ಲರಿಗೂ ಕಾಣುತ್ತಿತ್ತು, ಅದಕ್ಕೇ ತಿದ್ದಲು ಆಯ್ತು. ನಮ್ಮ 10 ಸೆಂಟಿಮೀಟರ್ ಕೋಡಿನೊಳಗೆ ಅಡಗಿ ಕೂತಿತ್ತು.

ಸರಳ ಮಾದರಿ ಅಂದ್ರೆ ಸೋಮಾರಿ ಮಾದರಿ ಅಲ್ಲ. ದೊಡ್ಡ ಸಾಫ್ಟ್‌ವೇರ್ ಬೇಡ ಅಂತಿಲ್ಲ, ನನ್ನ ಅನ್ನವೂ ಅದೇ. ಆದ್ರೆ ಒಂದು ಹಾಳೆ ಲೆಕ್ಕದ ಮುಂದೆ ಸೋಲುವ ಪ್ರೋಗ್ರಾಮನ್ನು ನಂಬಿ ಒಂದು ಊರನ್ನು ಬಿಡಬೇಡಿ.

ಏನಂತೀರಿ?