ಬಂಜೆತನ, ದಾಂಪತ್ಯ ಮತ್ತು ಆಪ್ತಸಮಾಲೋಚನೆ

ಕನ್ನಡದ ‘ಬಂಜೆ’, ಮರಾಠಿಯ ‘ವಾಂಝ’ ಎರಡೂ ಸಂಸ್ಕೃತದ ‘ವಂಧ್ಯಾ’ ಎಂಬ ಒಂದೇ ಮೂಲದವು. ಎರಡೂ ಹೆಣ್ಣನ್ನೇ ಸುಡುವ ಪದಗಳು. ಮಕ್ಕಳಾಗದ ಗಂಡಸಿಗೆ ಅಂಥ ನಿತ್ಯಬಳಕೆಯ ಹೆಸರು ಎರಡು ಭಾಷೆಗಳಲ್ಲೂ ಇಲ್ಲ. (‘ಷಂಡ’ ಎಂಬುದು ಬೇರೆಯೇ ಬೈಗುಳ.) ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುವುದರಿಂದ, 12 ತಿಂಗಳು ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಇಬ್ಬರಿಗೂ ಪರೀಕ್ಷೆಯಾಗಬೇಕು. ಆದರೂ ಕುಬಸದ ಮನೆಯಲ್ಲಿ, ಡೋಹಾಳ ಜೇವಣದ ಪಂಕ್ತಿಯಲ್ಲಿ ಹಿಂದೆ ಸರಿದು ನಿಲ್ಲಬೇಕಾದವಳು ಹೆಂಡತಿಯೇ.

ಹೊರಗಿನ ಈ ಅವಮಾನಕ್ಕಿಂತ ಮಲಗುವ ಕೋಣೆಯೊಳಗಿನ ಹಾನಿ ಮೌನವಾದುದು. ಅಂಡೋತ್ಪತ್ತಿಯ ದಿನಕ್ಕೆ ಮುಗಿಯುವ ಆರು ದಿನಗಳೇ ಫಲವತ್ತಾದ ಅವಧಿಯೆಂದು ತಿಳಿದ ಮೇಲೆ ಸಮಾಗಮ ಕ್ಯಾಲೆಂಡರಿನ ಅಧೀನವಾಗುತ್ತದೆ. ಬಯಕೆ ಇರಲಿ ಇಲ್ಲದಿರಲಿ, ‘ಇಂದೇ’ ಎಂಬ ಆಜ್ಞೆ. ಗಂಡ ಪರೀಕ್ಷೆಗೆ ಕುಳಿತವನಂತೆ ಬೆದರುತ್ತಾನೆ. ಹೆಂಡತಿ ತನ್ನ ದೇಹವನ್ನೇ ದೋಷಿಯೆಂದು ಎಣಿಸತೊಡಗುತ್ತಾಳೆ. ಮುಟ್ಟು ಬಂದ ದಿನ ಒಬ್ಬರ ಮುಖ ಒಬ್ಬರು ನೋಡರು. ಉಳಿದ ದಿನಗಳಲ್ಲಿ ಸ್ಪರ್ಶವೇ ನಿಂತುಹೋಗುತ್ತದೆ, ಅದರ ಹಿಂದೆ ಇನ್ನೊಂದು ಸೋಲು ಕಾದಿದೆಯೆಂಬ ಅಂಜಿಕೆಯಿಂದ.

2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯು ಚಿಕಿತ್ಸಾಲಯಗಳು ಆಪ್ತಸಮಾಲೋಚನೆ ನೀಡಲೇಬೇಕೆನ್ನುತ್ತದೆ. ಅಲ್ಲಿ ಎಣಿಸಿರುವುದು ಯಶಸ್ಸಿನ ಸಾಧ್ಯತೆ, ವೆಚ್ಚ, ಅಡ್ಡಪರಿಣಾಮ, ಅಪಾಯ; ಗಂಡಹೆಂಡಿರ ಸಖ್ಯದ ಹೆಸರಿಲ್ಲ.

ಗಡಿನಾಡಿನಲ್ಲಿ ಇದಕ್ಕೆ ಭಾಷೆಯ ತೊಡಕೂ ಕೂಡಿಕೊಳ್ಳುತ್ತದೆ. ಅಕ್ಕಲಕೋಟೆ, ಜತ್ತ ಸೀಮೆಯ ಹಳ್ಳಿಗಳಿಂದ ಸೊಲ್ಲಾಪುರ, ಸಾಂಗಲಿಯ ದವಾಖಾನೆಗಳಿಗೆ ಬರುವ ಸೊಸೆಯ ಮನೆಮಾತು ಕನ್ನಡ. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವಳಿಗಂತೂ ಮರಾಠಿ ಅರ್ಧಂಬರ್ಧ. ಸಲಹೆ ಹೆಚ್ಚಾಗಿ ಮರಾಠಿಯಲ್ಲಿ. ನಡುವೆ ದುಭಾಷಿಯಾಗಿ ಅತ್ತೆ ಕುಳಿತಿರುತ್ತಾಳೆ. ‘ಕೂಡುವಾಗ ನೋವಾಗುತ್ತದೆಯೇ?’ ಎಂಬ ಪ್ರಶ್ನೆಯನ್ನು ಅತ್ತೆಯ ಬಾಯಿಂದ ಕೇಳಿದ ಸೊಸೆ ‘ಏನಿಲ್ಲರಿ’ ಎನ್ನದೆ ಇನ್ನೇನು ಹೇಳಬಲ್ಲಳು? ಆ ‘ಏನಿಲ್ಲ’ವೇ ಕಡತಕ್ಕೆ ಸೇರುತ್ತದೆ, ಚಿಕಿತ್ಸೆ ಮುಂದುವರಿಯುತ್ತದೆ.

ಮೊದಲು ಅವಳೊಬ್ಬಳೊಡನೆ, ಅವಳದೇ ಮಾತಿನಲ್ಲಿ ಸಮಾಲೋಚನೆ ನಡೆಯಬೇಕು. ಬಳಿಕ ಗಂಡನನ್ನೂ ಕೂಡಿಸಿಕೊಂಡು. ಚಿಕಿತ್ಸೆಗೆ ಒಂದೆರಡು ತಿಂಗಳು ಬಿಡುವು ಕೊಡುವುದನ್ನು ವೈದ್ಯರೊಡನೆ ಚರ್ಚಿಸಬಹುದು, ಗರ್ಭದ ಗುರಿಯಿಲ್ಲದ ಅಪ್ಪುಗೆಯೂ ದಾಂಪತ್ಯವೇ ಎಂಬುದನ್ನು ಇಬ್ಬರೂ ಒಟ್ಟಿಗೆ ಕೇಳಬೇಕು. ಗಂಡ ತನ್ನ ಅಂಜಿಕೆಯನ್ನು ಆಡಿ ತೋರಿಸಲು ಅಲ್ಲಿಯಾದರೂ ಎಡೆಯಿರಬೇಕು. ಎರಡೂ ಭಾಷೆ ಬಲ್ಲ ಪದವೀಧರೆಯರು ಈ ಭಾಗದ ಕಾಲೇಜುಗಳಿಂದ ವರ್ಷವರ್ಷವೂ ಹೊರಬರುತ್ತಿದ್ದಾರೆ. ಮನಶ್ಶಾಸ್ತ್ರ ಓದಿದ ಒಬ್ಬಳಿಗೆ ತಕ್ಕ ತರಬೇತಿ ಕೊಟ್ಟು ವಾರಕ್ಕೆರಡು ದಿನ ಕೂರಿಸಿದರೂ, ಅತ್ತೆ ಹೊರಗಿನ ಬೆಂಚಿನ ಮೇಲೆ ಕಾಯಬಹುದು.