ಯುದ್ಧ ನೋಡಲು ಓಡಿದ ಹುಡುಗ, ಮತ್ತು ಸುದ್ದಿಯವರಾದ ನಾವು

ನರಸಾಪುರದವರಿಗೆ ಜಪಾನ್ ಅಂದರೆ ಹೋಂಡಾ. 2013ರಲ್ಲಿ ಇಲ್ಲಿ ಅವರ ಸ್ಕೂಟರ್ ಕಾರ್ಖಾನೆ ಶುರುವಾಯಿತು. ಅದಕ್ಕೂ ಮೊದಲೇ ಜಪಾನಿನ ಇನ್ನೊಂದು ಸರಕು ನಮ್ಮ ಮನೆಗಳಿಗೆ ಬಂದಿತ್ತು, ಅದು ಕಾರ್ಟೂನು. ಕೋಲಾರದ ಕಡೆಯ ನಮಗೆ ಅದು ಸಿಗುತ್ತಿದ್ದದ್ದು ಹಿಂದಿಯಲ್ಲಿ, ಇಲ್ಲವೇ ತೆಲುಗಿನಲ್ಲಿ. ಅದನ್ನು ದೊಡ್ಡವರು ಮಕ್ಕಳಾಟ ಎಂದೇ ತಿಳಿದಿದ್ದರು. ಈಗಲೂ ಹಾಗೇ ತಿಳಿದಿದ್ದಾರೆ. ಆದರೆ ಈ ಮಕ್ಕಳಾಟದಲ್ಲೇ, ನಮ್ಮ ಪತ್ರಿಕೋದ್ಯಮ ತರಗತಿಯಲ್ಲಿ ಯಾರೂ ಕಲಿಸದ ಪಾಠವೊಂದು ಇದೆ ಎಂಬುದು ನಮ್ಮ ವಾದ.

1989ರಲ್ಲಿ ವಿಡಿಯೊ ಕ್ಯಾಸೆಟ್ಟುಗಳಲ್ಲಿ ಬಂದ ಆರು ಕಂತಿನ ಸರಣಿ ಅದು. ಹೆಸರು 'ಮೊಬೈಲ್ ಸೂಟ್ ಗನ್‌ಡಮ್ 0080: ವಾರ್ ಇನ್ ದ ಪಾಕೆಟ್'. ನಿರ್ದೇಶಕ ಫುಮಿಹಿಕೊ ತಕಯಾಮಾ. ಗನ್‌ಡಮ್ ಅಂದರೆ ಮನುಷ್ಯ ಒಳಗೆ ಕೂತು ನಡೆಸುವ ದೈತ್ಯ ಯಂತ್ರಗಳ ಕಥೆ. 1979ರಿಂದ ನಡೆದುಬಂದಿದೆ, ಅದರ ಪ್ಲಾಸ್ಟಿಕ್ ಗೊಂಬೆಗಳದ್ದೇ ದೊಡ್ಡ ವ್ಯಾಪಾರ. ಯುದ್ಧದ ಆಟಿಕೆ ಮಾರುವ ಅಂಗಡಿಯಿಂದಲೇ ಯುದ್ಧದ ಮೇಲೆ ಇಷ್ಟು ಕಹಿಯಾದ ಕಥೆ ಬಂದಿದೆ ಎಂಬುದು ತಮಾಷೆಯಲ್ಲ.

ಕಥೆಯ ಕೇಂದ್ರ ಆಲ್ ಎಂಬ ಪ್ರೈಮರಿ ಶಾಲೆಯ ಹುಡುಗ. ಭೂಮಿಗೂ ಜಿಯಾನ್ ಎಂಬ ರಾಜ್ಯಕ್ಕೂ ಯುದ್ಧ ನಡೆದಿದೆ, ಆದರೆ ಆಲ್ ಇರುವ ಊರು ಎರಡೂ ಕಡೆಗೆ ಸೇರದ್ದು. ಅವನ ಪಾಲಿಗೆ ಯುದ್ಧ ಟಿವಿಯಲ್ಲಿ ಬರುವ ಒಂದು ಮಜಾ. ಒಂದು ದಿನ ಯಂತ್ರಗಳು ಅವನ ಊರಿನ ಮೇಲೆಯೇ ಕಾದಾಡುತ್ತವೆ. ಜನ ದಿಕ್ಕುಪಾಲಾಗಿ ಓಡುವಾಗ ಇವನು ಕೈಯಲ್ಲಿ ಕ್ಯಾಮೆರಾ ಹಿಡಿದು ಯಂತ್ರ ಬಿದ್ದ ಕಡೆಗೆ ಓಡುತ್ತಾನೆ. ಅಲ್ಲಿ ಸಿಗುವವನು ಬರ್ನಿ, ಜಿಯಾನಿನ ಎಳೆಯ ಸೈನಿಕ. ಹುಡುಗ ತೆಗೆದ ವಿಡಿಯೊ ಇಸಿದುಕೊಂಡು, ಬದಲಿಗೆ ತನ್ನ ಪದವಿಯ ಬ್ಯಾಡ್ಜ್ ಕೊಡುತ್ತಾನೆ. ಗೆಳೆಯರ ಮುಂದೆ ಮೆರೆಯಲು ಆಲ್‌ಗೆ ಅಷ್ಟು ಸಾಕು.

ಈ ಓಟ ನಮಗೆ ಗುರುತಿದೆ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ರಾತ್ರಿಗಳಲ್ಲಿ ನಮ್ಮ ಚಾನೆಲ್‌ಗಳು ಓಡಿದ್ದು ಹೀಗೆಯೇ. ಕರಾಚಿ ಬಂದರು ನಾಶವಾಯಿತು ಎಂದು ಹಲವು ಚಾನೆಲ್‌ಗಳು ಸಾರಿದವು. ಅದು ಸುಳ್ಳಾಗಿತ್ತು. ವಿಡಿಯೊ ಗೇಮಿನ ದೃಶ್ಯಗಳು ನಿಜವಾದ ದಾಳಿಯ ಹೆಸರಿನಲ್ಲಿ ಮೊಬೈಲಿಂದ ಮೊಬೈಲಿಗೆ ಹರಿದವು. ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಸದ್ದು ಬಳಸಬೇಡಿ ಎಂದು ಮೇ 10ರಂದು ಕೇಂದ್ರ ಗೃಹ ಇಲಾಖೆಯ ನಾಗರಿಕ ರಕ್ಷಣಾ ವಿಭಾಗವೇ ಹೇಳಬೇಕಾಯಿತು. ದಿನಾ ಸ್ಟುಡಿಯೊದಲ್ಲಿ ಕೇಳಿದರೆ, ನಿಜವಾಗಿ ಮೊಳಗಿದ ದಿನ ಜನ ಅಲುಗಾಡುವುದಿಲ್ಲವಲ್ಲ! ಅದೇ ದಿನಗಳಲ್ಲಿ ಪೂಂಛ್‌ನಲ್ಲಿ ಶೆಲ್ ಬಿದ್ದು ಸತ್ತವರಲ್ಲಿ ಮಕ್ಕಳೂ ಇದ್ದರು. ಆ ಸುದ್ದಿಗೆ ಹಿನ್ನೆಲೆ ಸಂಗೀತ ಇರಲಿಲ್ಲ. ಐಫೋನ್ ಜೋಡಿಸುವ ಈ ನರಸಾಪುರದಲ್ಲೂ ಹುಡುಗರು ಆ ವಾರ 'ಇವತ್ತು ಎಷ್ಟು ಡ್ರೋನ್ ಬಿತ್ತಣ್ಣ?' ಎಂದು ಕ್ರಿಕೆಟ್ ಸ್ಕೋರಿನ ಹಾಗೆ ಕೇಳುತ್ತಿದ್ದರು. ಮಕ್ಕಳನ್ನು ಬೈದು ಏನು ಮಾಡುವುದು? ಸ್ಕೋರು ಬರೆದವರು ನಮ್ಮ ಕಸುಬಿನವರು.

ಮತ್ತೆ ಆಲ್ ಕಥೆಗೆ. ಮುಂದಿನದನ್ನು ಹೇಳದೆ ನಮ್ಮ ಮಾತು ಪೂರ್ತಿಯಾಗುವುದಿಲ್ಲ, ಹೊಸದಾಗಿ ನೋಡಬೇಕೆನ್ನುವವರು ಇಲ್ಲೇ ನಿಲ್ಲಿಸಿ.

ಆ ಊರಿನಲ್ಲಿ ಶತ್ರುಪಕ್ಷ ಬಚ್ಚಿಟ್ಟಿರುವ ಹೊಸ ಯಂತ್ರವನ್ನು ನಾಶಮಾಡಲು ಬರ್ನಿ ಮತ್ತೆ ಬರುತ್ತಾನೆ. ಆಲ್ ಅವನಿಗೆ ಬೇಹುಗಾರನಾಗುತ್ತಾನೆ. ಆ ಯಂತ್ರ ನಡೆಸುವವಳು ಆಲ್‌ನ ಪಕ್ಕದ ಮನೆಯ ಕ್ರಿಸ್ ಅಕ್ಕ ಎಂಬುದು ಇಬ್ಬರಿಗೂ ಗೊತ್ತಿಲ್ಲ. ಬರ್ನಿಯ ಜೊತೆಗಾರರು ಸಾಯುತ್ತಾರೆ. ಯಂತ್ರ ಉಳಿದರೆ ಇಡೀ ಊರಿನ ಮೇಲೆ ಅಣುಬಾಂಬು ಹಾಕುವುದು ಜಿಯಾನ್ ಸೇನೆಯ ಯೋಜನೆ. ಓಡಿಹೋಗಬಹುದಾಗಿದ್ದ ಬರ್ನಿ ಊರು ಉಳಿಸಲೆಂದು ಹಿಂತಿರುಗಿ, ಒಡೆದ ತನ್ನ ಯಂತ್ರವನ್ನೇ ರಿಪೇರಿ ಮಾಡಿ ಹೊರಡುತ್ತಾನೆ. ಬಾಂಬು ಹೊತ್ತ ಹಡಗು ಆಗಲೇ ಸಿಕ್ಕಿಬಿದ್ದಿದೆ, ಕಾದಾಡುವ ಅಗತ್ಯವೇ ಇಲ್ಲ ಎಂಬ ಸುದ್ದಿ ಆಲ್ ಕಿವಿಗೆ ಬೀಳುತ್ತದೆ. ಮೊದಲ ಕಂತಿನಲ್ಲಿ ಕಾಳಗ ನೋಡಲು ಓಡಿದ ಹುಡುಗ ಈಗ ಅದನ್ನು ನಿಲ್ಲಿಸಲು ಓಡುತ್ತಾನೆ. ತಲುಪುವಷ್ಟರಲ್ಲಿ ಬರ್ನಿ ಇಲ್ಲ. ಕೊಂದವಳು ಕ್ರಿಸ್ ಅಕ್ಕ, ಸತ್ತವನು ಯಾರೆಂದು ಅವಳಿಗೆ ತಿಳಿಯದು. ಗಾಯಗೊಂಡು ಊರು ಬಿಡುವಾಗ, ಬರ್ನಿಗೂ ನಾನು ಹೋಗಿಬರುತ್ತೇನೆಂದು ತಿಳಿಸು ಎಂದು ಆಲ್‌ಗೇ ಹೇಳುತ್ತಾಳೆ. ಹುಡುಗ ಬಾಯಿ ಬಿಡುವುದಿಲ್ಲ.

ಇದೇ ಕಾಲದ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' (1988) ಸಿನಿಮಾವನ್ನು ಎಲ್ಲರೂ ಹೊಗಳುತ್ತಾರೆ. ಅದರ ನಿರ್ದೇಶಕ ಇಸಾವೊ ತಕಹಾತಾ ಒಂಬತ್ತು ವರ್ಷದವನಿದ್ದಾಗ ಒಕಯಾಮಾದ ಬಾಂಬ್ ದಾಳಿಯಲ್ಲಿ ಬದುಕುಳಿದವರು. ಹಸಿದು ಸಾಯುವ ಆ ಮಕ್ಕಳನ್ನು ನೋಡಿ ನಾವು ಅಳುತ್ತೇವೆ, ಆದರೆ ಅಳುತ್ತಾ ನಾವು ಒಳ್ಳೆಯವರೇ ಆಗಿ ಉಳಿಯುತ್ತೇವೆ. ಆಲ್ ಆ ಅನುಕೂಲ ಕೊಡುವುದಿಲ್ಲ. ಅವನು ಬರೀ ಸಂತ್ರಸ್ತನಲ್ಲ, ಚಪ್ಪಾಳೆ ತಟ್ಟಿದವನು. ಹಾಗಾಗಿ ಗಡಿಯಿಂದ ದೂರ ಇರುವ ನಮ್ಮಂಥವರಿಗೆ ಈ ಸರಣಿಯೇ ಹೆಚ್ಚು ಹತ್ತಿರ. ಹೈದರಾಲಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಬೂದಿಕೋಟೆಯಲ್ಲಿ, 1768ರಲ್ಲಿ ಇಂಗ್ಲಿಷರಿಗೂ ಅವನಿಗೂ ಮುಳಬಾಗಿಲಲ್ಲಿ ಕಾಳಗ ನಡೆಯಿತು. ನಾವು ಓದಿದ ಪುಟಗಳಲ್ಲಿ ಇಸವಿ ಇತ್ತು, ಸೇನಾಪತಿಗಳಿದ್ದರು. ಬಂಡೆ ಹಿಂದೆ ನಿಂತು ನೋಡಿದ ದನಗಾಹಿ ಹುಡುಗನೊಬ್ಬ ಇದ್ದಿರಲೇಬೇಕಲ್ಲ, ಅವನಿಗೆ ಒಂದು ಸಾಲೂ ಸಿಕ್ಕಿರಲಿಲ್ಲ.

ಸರಣಿಯಲ್ಲಿ ಕೊರತೆ ಇಲ್ಲವೆಂದಲ್ಲ. ನಡುವಿನ ಕಂತುಗಳು ಎಳೆದಾಡುತ್ತವೆ. ಯಂತ್ರಗಳನ್ನು ಎಷ್ಟು ಚಂದ ಬಿಡಿಸಿದ್ದಾರೆಂದರೆ, ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೂ ಆರೂ ಕಂತು ಸೇರಿ ಮೂರು ಗಂಟೆ ಆಗುವುದಿಲ್ಲ. ಹೈಸ್ಕೂಲುಗಳಲ್ಲಿ ಸ್ಮಾರ್ಟ್ ಟಿವಿ ಬಂದಿದೆ, ಒಂದು ಶನಿವಾರ ಸಾಕು. ಜೊತೆಗೆ ಕೂತು ಕನ್ನಡದಲ್ಲಿ ಹೇಳುವ ಒಬ್ಬ ಮೇಷ್ಟ್ರು ಬೇಕು. ಡೆಸ್ಕಿನಲ್ಲಿ ಕೂತು ತಲೆಬರಹ ಕೊಡುವ ನಮ್ಮ ಸ್ನೇಹಿತರಿಗೆ ಮಾತ್ರ ಕೊನೆಯ ದೃಶ್ಯವಷ್ಟನ್ನೇ ತೋರಿಸಿದರೂ ಆದೀತು. ಯುದ್ಧ ಮುಗಿದಿದೆ, ಶಾಲೆಯ ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾರೆ. ಹೆಡ್‌ಮಾಸ್ಟರು ಭಾಷಣ ಮಾಡುತ್ತಿದ್ದಾರೆ. ಆಲ್ ಬಿಕ್ಕಿ ಬಿಕ್ಕಿ ಅಳುತ್ತಾನೆ. ಪಕ್ಕದ ಗೆಳೆಯರು, ಯುದ್ಧ ಮುಗಿದುಹೋಯಿತೆಂದು ಪಾಪ ಬೇಜಾರಾಗಿದ್ದಾನೆ ಅಂದುಕೊಂಡು ಸಮಾಧಾನ ಹೇಳುತ್ತಾರೆ: ಅಳಬೇಡ, ಬೇಗ ಇನ್ನೊಂದು ಯುದ್ಧ ಬರುತ್ತದೆ, ಇದಕ್ಕಿಂತಲೂ ಜೋರಾಗಿರುತ್ತದೆ.