ಹೂವಿನ ಚಿತ್ರಗಳ ಅಪಹರಣ

ಅನ್ಯರು ವರ್ಷಗಟ್ಟಲೆ ನೀರೆರೆದು ಬೆಳೆಸಿದ ಗಿಡದ ಛಾಯಾಚಿತ್ರವನ್ನು ಅಂತರ್ಜಾಲದಿಂದೆತ್ತಿ, ಅದನ್ನೇ ತಮ್ಮ ಸರಕೆಂದು ತೋರಿಸಿ ಸಸಿಬೀಜಗಳನ್ನು ಮಾರುವ ವರ್ತಕರಿದ್ದಾರೆ. ಅಲ್ಲಿ ಬಿದ್ದುದೆಲ್ಲ ಎಲ್ಲರ ಸೊತ್ತೆಂಬುದು ಅವರ ಸಮಾಧಾನ. ಇದು ಅಪ್ಪಟ ಸುಳ್ಳು. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಚಿತ್ರ ತೆಗೆದವನೇ ಅದರ ಕರ್ತೃ. ನೋಂದಣಿಯಿರಲಿ ಬಿಡಲಿ, ಕರ್ತೃವಿನ ಜೀವಿತಕಾಲವೆಲ್ಲ, ಅವನ ಮರಣಾನಂತರ 60 ವರ್ಷವೂ ಅದಕ್ಕೆ ರಕ್ಷಣೆಯುಂಟು.

ಕೊಂಡವನ ನಷ್ಟವು ಇನ್ನೂ ದೊಡ್ಡದೆಂದು ನಮ್ಮ ಮತ. ಗುಲಾಬಿಯನ್ನೇ ನೋಡಿರಿ. ಬೀಜದಿಂದೆದ್ದ ಗಿಡ ತಾಯಿಗಿಡದಂತೆಯೇ ಹೂ ಬಿಡುವುದೆಂಬ ಭರವಸೆಯಿಲ್ಲ. ಆದುದರಿಂದಲೇ ಬಲ್ಲವರು ಕಣ್ಣುಕಸಿ ಮಾಡುವುದು. ಅಚ್ಚನೀಲಿಯ ಗುಲಾಬಿಯಂತೂ ಪ್ರಕೃತಿಯಲ್ಲಿಯೇ ಇಲ್ಲ. ಜಪಾನಿನ ಸಂಸ್ಥೆಯೊಂದು ಅನ್ಯಸಸ್ಯದ ವಂಶವಾಹಿಯನ್ನು ಸೇರಿಸಿ 2004ರಲ್ಲಿ ಪ್ರಕಟಿಸಿದ ಹೂವೂ ನೇರಳೆಯ ಛಾಯೆಯದೇ. ಆದರೂ ನೀಲಿ ಗುಲಾಬಿಯ ಬೀಜ ಮಾರಾಟಕ್ಕಿದೆ! ಗಿಡ ಹೂ ಬಿಡುವ ಹೊತ್ತಿಗೆ, ಬಿಟ್ಟರೆ, ತಿಂಗಳುಗಳು ಕಳೆದಿರುತ್ತವೆ. ಅಷ್ಟರಲ್ಲಿ ಅಂಗಡಿಯ ಹೆಸರೇ ಬದಲಾಗಿದ್ದರೆ ಬಡಪಾಯಿ ಯಾರನ್ನು ಕೇಳಬೇಕು?

ಮಾರಾಟಕ್ಕೆ ಜಾಗ ಕೊಟ್ಟ ಜಾಲತಾಣಗಳು ದಳ್ಳಾಳಿಯನ್ನು ಎಣಿಸಿಕೊಳ್ಳುತ್ತವೆ. ದೂರು ಬಂದಾಗ ಮಾತ್ರ ತಾವು ಬರಿಯ ಮಧ್ಯವರ್ತಿಗಳೆನ್ನುತ್ತವೆ. ಈ ಚಿತ್ರ ಯಾರದೆಂದು ವರ್ತಕನನ್ನು ಮೊದಲೇ ಕೇಳುವ ಹೊಣೆಯನ್ನು ಸರ್ಕಾರವು ಅವುಗಳ ಮೇಲೆ ಹೊರಿಸಬೇಕು. ಅಲ್ಲಿಯವರೆಗೆ ಚಿತ್ರದ ಒಡೆಯರು ಮೂಲಪ್ರತಿಯನ್ನು ಜೋಪಾನವಾಗಿಟ್ಟು, ಕದ್ದ ಪುಟದ ನಕಲಿನೊಡನೆ ಲಿಖಿತ ದೂರು ಸಲ್ಲಿಸತಕ್ಕದ್ದು.